ಶಾಫ್ಟ್ ಗಾಡಿಗೆ ಬದಲಿ ಎಂಜಿನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಚೈನ್ ಇಲ್ಲದೆ, ಉಕ್ಕಿನ ಶಾಫ್ಟ್ ಮೂಲಕ ಹಿಂದಿನ ಚಕ್ರ ತಿರುಗಿಸುವ ಹಳೆಯ ಬಿಎಂಡಬ್ಲ್ಯೂ ಗಾಡಿಗಳು ನಮ್ಮ ಭಾಗದಲ್ಲಿ ಬೆರಳೆಣಿಕೆಯಷ್ಟು ಇರಬಹುದು. ಆದರೂ ಬಳ್ಳಾರಿ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಿಂದ ಈ ಬಗ್ಗೆ ಬಂದ ಪತ್ರಗಳು ಒಂದೇ ವಿಷಯದ ಸುತ್ತ ಇರುವುದರಿಂದ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಚಿಕ್ಕಪ್ಪನವರಿಂದ ನನಗೆ ಬಂದ 1978ರ ಬಿಎಂಡಬ್ಲ್ಯೂ ಆರ್80/7 ಗಾಡಿಯ ಎಂಜಿನ್ನಿನಲ್ಲಿ ಬಡಿತದ ಸದ್ದು ಶುರುವಾಗಿತ್ತು. ಬಿಚ್ಚಿಸಿ ನೋಡಿದಾಗ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದು, ಕ್ರ್ಯಾಂಕಿನ (ಪಿಸ್ಟನ್ನಿನ ಓಡಾಟವನ್ನು ತಿರುಗಾಟವಾಗಿಸುವ ದಂಡದ) ಮೈಗೂ ಗೀರು ಬಿದ್ದಿರುವುದು ಕಂಡಿತು. ಬೆಂಗಳೂರಿನ ಪರಿಚಯಸ್ಥರ ಬಳಿ 1983ರ ಆರ್80 ಆರ್‌ಟಿ ಗಾಡಿಯ ಒಳ್ಳೆಯ ಎಂಜಿನ್ ಸಿಕ್ಕಿದೆ. ಮೂವತ್ತು ವರ್ಷದಿಂದ ಬುಲೆಟ್ ಕೆಲಸ ಮಾಡುತ್ತಿರುವ ನಮ್ಮ ಮಿಸ್ತ್ರಿಯವರು ‘ಇದೇನು ದೊಡ್ಡ ಕೆಲಸವಲ್ಲ, ಎರಡು ದಿನದಲ್ಲಿ ಕೂರಿಸಿ ಕೊಡುತ್ತೇನೆ’ ಎನ್ನುತ್ತಾರೆ. ಅವರ ಕೈಗೆ ಕೊಡಬಹುದೇ? ಎಂಜಿನ್ ಹೊಂದುತ್ತದೆಯೇ?
(ಓದುಗರು, ಸತ್ಯನಾರಾಯಣಪೇಟೆ, ಬಳ್ಳಾರಿ)

ಉತ್ತರ: ಖಂಡಿತ ಕೊಡಬಹುದು. ಮೂವತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದ ಕೈಗೆ ಇದು ಮೀರಿದ ಕೆಲಸವಲ್ಲ. ಆದರೆ ಬುಲೆಟ್ಟಿನಲ್ಲಿ ಚೈನ್ ಕ್ಷಮಿಸುವ ತಪ್ಪನ್ನು ಶಾಫ್ಟ್ ಕ್ಷಮಿಸುವುದಿಲ್ಲ ಎಂಬ ಒಂದು ಮಾತನ್ನು ಅವರು ಮೊದಲೇ ಒಪ್ಪಿಕೊಂಡಿರಬೇಕು. ಚೈನ್ ಗಾಡಿಯಲ್ಲಿ ಎಂಜಿನ್ ಒಂದು ಎಳೆ ಅತ್ತಿತ್ತ ಕೂತರೂ ಚೈನಿನ ಸಡಿಲ ಅದನ್ನು ನುಂಗಿಕೊಳ್ಳುತ್ತದೆ, ಉಳಿದದ್ದನ್ನು ಹಿಂದಿನ ಚಕ್ರದ ಅಡ್ಜಸ್ಟರಿನಲ್ಲಿ ಸರಿಪಡಿಸಬಹುದು. ಈ ಗಾಡಿಯಲ್ಲಿ ಹಾಗಲ್ಲ. ಕ್ರ್ಯಾಂಕ್, ಕ್ಲಚ್, ಗೇರ್‌ಬಾಕ್ಸ್, ಅದರ ಹಿಂದಿನ ಯೂನಿವರ್ಸಲ್ ಜಾಯಿಂಟ್ (ಬಾಗಿದಾಗಲೂ ತಿರುಗುವ ಕೀಲು), ಸ್ವಿಂಗ್ ಆರ್ಮಿನ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿನ) ಬಲಗೊಳವೆಯೊಳಗಿನ ಶಾಫ್ಟ್, ಕೊನೆಗೆ ಚಕ್ರದ ಬಳಿಯ ಹಲ್ಲುಚಕ್ರಗಳು, ಇವೆಲ್ಲ ಮುಂದಿನಿಂದ ಹಿಂದಕ್ಕೆ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಎಂಜಿನ್ ಕೂರಿಸುವುದೆಂದರೆ ಇಲ್ಲಿ ಆ ಇಡೀ ಸಾಲನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು. ನಿಮ್ಮ ಮಿಸ್ತ್ರಿಯವರು ಹೇಳಿದ ಎರಡು ದಿನವನ್ನು ನಾಲ್ಕು ದಿನ ಎಂದು ಇಟ್ಟುಕೊಳ್ಳಿ.

ಮೊದಲು ಹೊಂದಾಣಿಕೆಯ ವಿಚಾರ. 1969ರಲ್ಲಿ /5 ಸರಣಿಯೊಂದಿಗೆ ಬಂದ ಈ ಎಂಜಿನ್ ಮನೆತನ 1990ರ ದಶಕದ ನಡುವಿನವರೆಗೂ ಮುಂದುವರಿಯಿತು. 650 ಸಿಸಿಯ ಆರ್65 ಬಿಟ್ಟರೆ, 600ರಿಂದ 1000 ಸಿಸಿವರೆಗಿನ ಅಣ್ಣತಮ್ಮಂದಿರೆಲ್ಲರ ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 70.6 ಮಿ.ಮೀ., ಬದಲಾಗುವುದು ಬೋರ್ (ಸಿಲಿಂಡರಿನ ಒಳವ್ಯಾಸ) ಮಾತ್ರ. ನಿಮ್ಮ ಹಳೆಯ ಎಂಜಿನ್ನೂ ಹೊಸದಾಗಿ ಸಿಕ್ಕ ಎಂಜಿನ್ನೂ 84.8 ಮಿ.ಮೀ. ಬೋರಿನ 797 ಸಿಸಿಯವು. ಹಾಗಾಗಿ ಫ್ರೇಮಿನ ತೂತುಗಳಿಗೆ ಎಂಜಿನ್ ಸರಿಯಾಗಿ ಬಂದು ಕೂರುತ್ತದೆ, ಅಲ್ಲಿ ತೊಡಕಿಲ್ಲ. ತೊಡಕು ಇರುವುದು ಎಂಜಿನ್ನಿನ ಬೆನ್ನಿನಲ್ಲಿ. 1981ರ ಮಾದರಿಗಳಿಂದ ಹಳೆಯ ಭಾರದ ಫ್ಲೈವೀಲ್ (ಎಂಜಿನ್ನಿನ ಓಟವನ್ನು ಸಮವಾಗಿಡುವ ಚಕ್ರ) ಹೋಗಿ, ಅದರ ಜಾಗಕ್ಕೆ ಹಗುರವಾದ ಕ್ಲಚ್ ಕ್ಯಾರಿಯರ್ ಬಂದಿತು. ಅದರ ಜೊತೆಗೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಉದ್ದವೂ ಬದಲಾಯಿತು. ಅಂದರೆ ನಿಮ್ಮ 1978ರ ಗೇರ್‌ಬಾಕ್ಸನ್ನು 1983ರ ಕ್ಲಚ್ಚಿಗೆ ಕೂಡಿಸಲು ಹೋದರೆ ಬೋಲ್ಟುಗಳು ಬಿಗಿಯಾಗಬಹುದು, ಮೇಲೆ ನೋಡಲು ಎಲ್ಲ ಸರಿ ಎನಿಸಬಹುದು, ಆದರೆ ಸ್ಪ್ಲೈನ್, ಅಂದರೆ ಶಾಫ್ಟಿನ ಮೈಮೇಲಿನ ಉದ್ದುದ್ದ ಹಲ್ಲುಗಳು, ಕ್ಲಚ್ ಪ್ಲೇಟಿನೊಳಗೆ ಹಿಡಿಯಬೇಕಾದಲ್ಲಿ ಹಿಡಿಯುವುದಿಲ್ಲ. ಬೆಂಗಳೂರಿನ ಆ ಪರಿಚಯಸ್ಥರ ಬಳಿ ಅದೇ ಗಾಡಿಯ ಗೇರ್‌ಬಾಕ್ಸ್ ಇನ್ನೂ ಇದ್ದರೆ ಎಂಜಿನ್ ಜೊತೆಗೆ ಅದನ್ನೂ ತನ್ನಿ. ಜೋಡಿ ಒಡೆಯದಿರುವುದೇ ಎಲ್ಲಕ್ಕಿಂತ ಕ್ಷೇಮದ ದಾರಿ. ಅದು ಸಿಗದಿದ್ದರೆ, ಎರಡೂ ಕಾಲದ ಬಿಡಿಭಾಗಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅಳೆಯದೆ ಒಂದು ಬೋಲ್ಟನ್ನೂ ಹಾಕಬೇಡಿ.

ಇನ್ನೊಂದು ವ್ಯತ್ಯಾಸ ಇಗ್ನಿಷನ್ನಿನದು. ನಿಮ್ಮ ಹಳೆಯ ಎಂಜಿನ್ನಿನಲ್ಲಿ ಮುಂದಿನ ಮುಚ್ಚಳದ ಹಿಂದೆ, ಕ್ಯಾಮ್ ಶಾಫ್ಟಿನ ಮೂಗಿನ ಮೇಲೆ ಕಾಂಟ್ಯಾಕ್ಟ್ ಪಾಯಿಂಟ್ ಇವೆ. 1983ರದ್ದರಲ್ಲಿ ಪಾಯಿಂಟ್ ಇಲ್ಲ. ಸಣ್ಣ ಡಬ್ಬಿಯೊಳಗೆ ಹಾಲ್ ಸೆನ್ಸರ್ (ಕಿಡಿ ಹಾರಿಸುವ ಕ್ಷಣವನ್ನು ಅಯಸ್ಕಾಂತದಿಂದ ಗುರುತಿಸುವ ಸಾಧನ) ಇದ್ದು, ಪೆಟ್ರೋಲ್ ಟ್ಯಾಂಕಿನ ಕೆಳಗಿನ ಎಲೆಕ್ಟ್ರಾನಿಕ್ ಮಾಡ್ಯೂಲಿಗೆ ಸಂಕೇತ ಕೊಡುತ್ತದೆ. ಎಂಜಿನ್ ಮಾತ್ರ ತಂದು, ಮಾಡ್ಯೂಲ್, ಕಾಯಿಲ್ ಮತ್ತು ಅವುಗಳ ವೈರಿಂಗನ್ನು ಅಲ್ಲೇ ಬಿಟ್ಟು ಬಂದರೆ, ಗಾಡಿ ಕೂಡಿಸಿದ ಮೇಲೆ ಕಿಡಿಯಿಲ್ಲದೆ ನಿಲ್ಲುತ್ತದೆ. ಮಾಡ್ಯೂಲಿನ ಬೆನ್ನಿಗೆ ಹಚ್ಚುವ ಬಿಳಿ ಹೀಟ್ ಸಿಂಕ್ ಪೇಸ್ಟನ್ನೂ ಮರೆಯಬೇಡಿ, ನಮ್ಮ ಬಿಸಿಲಿಗೆ ಅದು ಇರಲೇಬೇಕು.

ಈಗ ಬಿಚ್ಚುವ ಕೆಲಸ. ಪಾನಾ ಹಿಡಿಯುವ ಮುಂಚೆಯೇ ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಬೇಕು, ಏಕೆಂದರೆ ಮುಂದಿನ ಮುಚ್ಚಳದ ಒಳಗೆ ಡಯೋಡ್ ಬೋರ್ಡ್ (ಆಲ್ಟರ್ನೇಟರಿನ ವಿದ್ಯುತ್ತನ್ನು ಬ್ಯಾಟರಿಗೆ ಹೊಂದುವಂತೆ ಮಾಡುವ ಭಾಗ) ಇದ್ದು, ಅದರ ವಿದ್ಯುತ್ ಇರುವ ತುದಿಗಳಿಗೆ ಮುಚ್ಚಳ ತಾಗಿದರೆ ಅದು ಅಲ್ಲೇ ಸುಟ್ಟುಹೋಗುತ್ತದೆ. ಆ ನೆಗೆಟಿವ್ ತಂತಿ ಗೇರ್‌ಬಾಕ್ಸಿಗೆ ಕೂಡುವುದು ಸ್ಪೀಡೋಮೀಟರ್ ಕೇಬಲ್ ಹಿಡಿಯುವ ಬೋಲ್ಟಿನಲ್ಲಿ. ಅದು ಒಳಗೆ ಟೊಳ್ಳಿರುವ ಬೋಲ್ಟ್, ಬುಲೆಟ್ಟಿನ ಬೋಲ್ಟಿಗೆ ಕೊಡುವ ಬಲ ಕೊಟ್ಟರೆ ಮುರಿಯುತ್ತದೆ. ನಂತರ ಎಣ್ಣೆ ಬಸಿದು, ಸೈಲೆನ್ಸರ್ ಪೈಪುಗಳು, ಎರಡು ಕಾರ್ಬುರೇಟರ್, ಏರ್ ಫಿಲ್ಟರ್ ಪೆಟ್ಟಿಗೆ, ಸ್ಟಾರ್ಟರ್ ಮೋಟಾರ್ ಮತ್ತು ಕ್ಲಚ್ ಕೇಬಲ್ ತೆಗೆಯಿರಿ. ಗೇರ್‌ಬಾಕ್ಸಿನ ಹಿಂದಿನ ರಬ್ಬರ್ ಬೂಟನ್ನು ಹಿಂದಕ್ಕೆ ಮಡಚಿದರೆ ಶಾಫ್ಟನ್ನು ಹಿಡಿದಿರುವ ನಾಲ್ಕು ಬೋಲ್ಟುಗಳು ಕಾಣುತ್ತವೆ. ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದರೆ ಶಾಫ್ಟ್ ತಿರುಗದೆ ನಿಲ್ಲುತ್ತದೆ, ಇನ್ನೊಬ್ಬರು ಒಂದೊಂದಾಗಿ ಬಿಚ್ಚಬಹುದು. ಅವುಗಳ ತಲೆ ಹನ್ನೆರಡು ಮೂಲೆಯದು. ಸವೆದ ರಿಂಗ್ ಪಾನಾ ಹಾಕಿ ತಲೆ ಕೆಡಿಸಿದರೆ ಬೂಟಿನ ಆ ಇಕ್ಕಟ್ಟಿನಲ್ಲಿ ಅದನ್ನು ತೆಗೆಯುವುದು ಅರ್ಧ ದಿನದ ಕೆಲಸ. ಆಮೇಲೆ ಸ್ವಿಂಗ್ ಆರ್ಮನ್ನು ಸಡಿಲಿಸಿ ಹಿಂದಕ್ಕೆ ಸರಿಸಿದರೆ ಗೇರ್‌ಬಾಕ್ಸ್ ಹೊರಬರುತ್ತದೆ, ಎಂಜಿನ್ ಬರುವುದು ಅದರ ನಂತರ. ಎಂಜಿನ್ ಸುಮಾರು 60 ಕೆ.ಜಿ. ತೂಗುತ್ತದೆ, ಇಬ್ಬರು ಇಲ್ಲದೆ ಎತ್ತಬೇಡಿ. ಫ್ರೇಮಿಗೂ ಎಂಜಿನ್ನಿಗೂ ನಡುವೆ ಸಿಗುವ ಸ್ಪೇಸರುಗಳು ಎಡದ್ದು ಯಾವುದು, ಬಲದ್ದು ಯಾವುದು ಎಂದು ತೆಗೆದ ಕೂಡಲೇ ದಾರ ಕಟ್ಟಿ ಗುರುತು ಹಾಕಿ. ಗೇರ್‌ಬಾಕ್ಸಿಗೆ ಫ್ರೇಮಿನ ಆಸರೆಯಿಲ್ಲ, ಅದು ಎಂಜಿನ್ನಿನ ಬೆನ್ನಿಗೇ ನೇತುಹಾಕಿದ್ದು. ಆದ್ದರಿಂದ ಆ ಸ್ಪೇಸರುಗಳು ಅದಲುಬದಲಾದರೆ ಗೇರ್‌ಬಾಕ್ಸೂ ಅದರೊಂದಿಗೆ ಸಾಲು ತಪ್ಪುತ್ತದೆ.

ಈ ಪತ್ರದಲ್ಲಿ ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಎಂಜಿನ್ ಹೊರಗಿದ್ದಾಗ ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲನ್ನೂ ಆಯಿಲ್ ಪಂಪಿನ ಮುಚ್ಚಳದ ಓ-ರಿಂಗನ್ನೂ ಬದಲಿಸುವುದು ಜಾಣತನ; ಬಿಟ್ಟರೆ ಮುಂದೊಂದು ದಿನ ಎಣ್ಣೆ ಜಿನುಗಿ ಕ್ಲಚ್ ಪ್ಲೇಟ್ ನೆನೆದು, ಮತ್ತೆ ಇದೇ ಕೆಲಸ ಮೊದಲಿನಿಂದ ಮಾಡಬೇಕಾಗುತ್ತದೆ. ಆದರೆ ಸೀಲ್ ಬದಲಿಸಲು ಫ್ಲೈವೀಲ್ ಅಥವಾ ಕ್ಯಾರಿಯರ್ ತೆಗೆದ ಕ್ಷಣ ಕ್ರ್ಯಾಂಕನ್ನು ಮುಂದಕ್ಕೆ ಸರಿಯದಂತೆ ತಡೆಯುವ ಆಸರೆ ಹೋಗಿಬಿಡುತ್ತದೆ. ಕ್ರ್ಯಾಂಕ್ ಸ್ವಲ್ಪ ಮುಂದೆ ಜಾರಿದರೂ ಒಳಗಿನ ಥ್ರಸ್ಟ್ ವಾಷರ್ (ಕ್ರ್ಯಾಂಕಿನ ಹಿಂದೆಮುಂದಿನ ಒತ್ತಡ ತಡೆಯುವ ಬಳೆ) ತನ್ನ ಎರಡು ಸಣ್ಣ ಪಿನ್ನುಗಳಿಂದ ಕಳಚಿ ಕೆಳಗಿಳಿಯುತ್ತದೆ, ಹೊರಗಿನಿಂದ ಅದು ಕಾಣುವುದಿಲ್ಲ. ಹದಿನೈದು ವರ್ಷಗಳ ಹಿಂದೆ ನನ್ನ ಕೈಯಲ್ಲೇ ಹೀಗಾಯಿತು. ಹೊಸ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿಯುತ್ತಾ ಹೋದೆ. ಮೂರನೆಯ ಬೋಲ್ಟಿನ ನಂತರ ಮುಂದಿನ ಆಲ್ಟರ್ನೇಟರ್ ಬೋಲ್ಟಿಗೆ ಅಲೆನ್ ಕೀ ಹಾಕಿ ಕ್ರ್ಯಾಂಕ್ ತಿರುಗಿಸಿದರೆ, ಆವರೆಗೆ ಬೆಣ್ಣೆಯಂತೆ ತಿರುಗುತ್ತಿದ್ದದ್ದು ಕೈಗೆ ಗಟ್ಟಿಯಾಗಿ ಸಿಕ್ಕಿತು. ಅಲ್ಲಿಗೇ ನಿಲ್ಲಿಸಿ ಬಿಚ್ಚಿ ನೋಡಿದಾಗ ಪಿನ್ನಿನ ತಲೆ ವಾಷರಿನ ಮೈಮೇಲೆ ಎರಡು ಕುಳಿ ಒತ್ತಿತ್ತು. ಆ ಒಂದು ವಾಷರಿಗಾಗಿ ಎಂಜಿನ್ನನ್ನು ಪೂರ್ತಿ ಬಿಚ್ಚಬೇಕಾಯಿತು. ಅಂದಿನಿಂದ ಫ್ಲೈವೀಲ್ ಮುಟ್ಟುವ ಮುಂಚೆ ಎಂಜಿನ್ನಿನ ಮುಂಭಾಗದಲ್ಲಿ, ಆಲ್ಟರ್ನೇಟರ್ ಬೋಲ್ಟಿನ ತಲೆಗೂ ಮುಚ್ಚಳಕ್ಕೂ ನಡುವೆ ಸರಿಯಾದ ದಪ್ಪದ ಲೋಹದ ತುಂಡು ಇಟ್ಟು, ಕ್ರ್ಯಾಂಕ್ ಮುಂದಕ್ಕೆ ಜಾರದಂತೆ ಕಟ್ಟುತ್ತೇನೆ. ನಿಮ್ಮ ಮಿಸ್ತ್ರಿಯವರಿಗೆ ಈ ಪುಟವನ್ನು ಓದಿ ಹೇಳಿ. ಫ್ಲೈವೀಲಿನ ಐದು ಬೋಲ್ಟುಗಳು ಬಿಗಿದಾಗ ಹಿಗ್ಗುವಂಥವು, ಅವನ್ನು ಮತ್ತೆ ಬಳಸುವಂತಿಲ್ಲ, ಹೊಸದನ್ನೇ ತರಿಸಿ.

ಜೋಡಿಸುವಾಗ ಎಂಜಿನ್ನನ್ನು ಫ್ರೇಮಿನಲ್ಲಿಟ್ಟು ಎರಡು ಉದ್ದ ಸ್ಟಡ್ಡುಗಳ ನಟ್ಟುಗಳನ್ನು ಕೈಬಿಗಿಯಷ್ಟೇ ಬಿಟ್ಟು, ಗೇರ್‌ಬಾಕ್ಸ್ ಕೂಡಿದ ಮೇಲೆ ಪೂರ್ತಿ ಬಿಗಿಯಿರಿ. ಸ್ವಿಂಗ್ ಆರ್ಮಿನ ಎರಡು ಬದಿಯ ಪಿವಟ್ ಪಿನ್ನುಗಳ ವಿಷಯದಲ್ಲಿ ನಮ್ಮ ಗ್ಯಾರೇಜುಗಳಲ್ಲಿ ಬಹಳ ಅವಸರ ಮಾಡುತ್ತಾರೆ. ಪಿನ್ನುಗಳನ್ನು ಒಳಹೊರಗೆ ತಿರುಗಿಸಿ, ಫ್ರೇಮಿಗೂ ಸ್ವಿಂಗ್ ಆರ್ಮಿಗೂ ನಡುವಿನ ಸಂದು ಎರಡೂ ಬದಿಯಲ್ಲಿ ಸಮವಾಗಿ ಬರುವಂತೆ ಮಾಡಬೇಕು, ಶಾಫ್ಟ್ ನೆಟ್ಟಗೆ ನಿಲ್ಲುವುದು ಇಲ್ಲಿಂದಲೇ. ಬೇರಿಂಗ್ ಕೂರಲು ಮೊದಲು 20 ನ್ಯೂಟನ್ ಮೀಟರಿನಷ್ಟು (ಟಾರ್ಕ್ ರೆಂಚ್ ತೋರಿಸುವ ಬಿಗಿತದ ಅಳತೆ) ಬಿಗಿದು, ಸಡಿಲಿಸಿ, ಮತ್ತೆ 10ಕ್ಕೆ ಬಿಗಿದು, ಪಿನ್ ಅಲುಗದಂತೆ ಹಿಡಿದು ಹೊರಗಿನ ಲಾಕ್ ನಟ್ಟನ್ನು 100ಕ್ಕೆ ಬಿಗಿಯಬೇಕು. ಆ 27 ಮಿ.ಮೀ. ನಟ್ಟು ಫ್ರೇಮಿನ ಗುಳಿಯೊಳಗೆ ಇರುವುದರಿಂದ ಅಂಗಡಿಯ ಸಾಕೆಟ್ ಒಳಗೆ ಹೋಗುವುದಿಲ್ಲ. ಒಂದು 27ರ ಸಾಕೆಟ್ ಕೊಂಡು ಲೇಥ್ ಅಂಗಡಿಯಲ್ಲಿ ಅದರ ಹೊರಗೋಡೆಯನ್ನು ತೆಳ್ಳಗೆ ತಿರುವಿಸಿಕೊಳ್ಳಿ. ನಿಮ್ಮೂರಿನ ಕೌಲ್ ಬಜಾರಿನಲ್ಲೇ ಈ ಕೆಲಸ ಆಗುತ್ತದೆ, ಬೆಂಗಳೂರಿಗೆ ಹೋಗಬೇಕಿಲ್ಲ. ಸುತ್ತಿಗೆ ಮತ್ತು ಚಾಣದಿಂದ ಆ ನಟ್ಟನ್ನು ಹೊಡೆದು ಬಿಗಿದ ಗಾಡಿಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಶಾಫ್ಟಿನ ನಾಲ್ಕು ಬೋಲ್ಟುಗಳಿಗೂ ಹೊಸವನ್ನೇ ಹಾಕಿ. ಹಳೆಯ ಉದ್ದನೆಯ ಬೋಲ್ಟುಗಳಿಗೆ ಸ್ಪ್ರಿಂಗ್ ವಾಷರ್ ಇರುತ್ತಿತ್ತು, ನಂತರದ ಗಿಡ್ಡ ಬೋಲ್ಟುಗಳಿಗೆ ಇಲ್ಲ. ಎರಡನ್ನೂ ಬೆರೆಸಬೇಡಿ, ವಾಷರ್ ಇಲ್ಲದೆ ಹಾಕಿದ ಉದ್ದ ಬೋಲ್ಟಿನ ತುದಿ ಗೇರ್‌ಬಾಕ್ಸಿನ ಮೈಗೆ ತಾಗಬಹುದು. ಎಳೆಗಳನ್ನು ಎಣ್ಣೆಯ ಪಸೆಯಿಲ್ಲದಂತೆ ಒರೆಸಿ, ನೀಲಿ ಥ್ರೆಡ್ ಲಾಕರ್ ಹಚ್ಚಿ, ಸುಮಾರು 40 ನ್ಯೂಟನ್ ಮೀಟರಿಗೆ ಬಿಗಿಯಿರಿ. ಬೋಲ್ಟ್ ಹಾಕುವ ಮುಂಚೆ ಯೂನಿವರ್ಸಲ್ ಜಾಯಿಂಟನ್ನು ಕೈಯಲ್ಲಿ ನಿಧಾನವಾಗಿ ಎಲ್ಲ ದಿಕ್ಕಿಗೂ ಆಡಿಸಿ. ನಡುಮಧ್ಯದಲ್ಲಿ ಒಂದು ಚಿಕ್ಕ ತಡೆ ಕೈಗೆ ಹತ್ತಿದರೂ ಶಾಫ್ಟ್ ಮುಗಿದಂತೆ. ಬೂಟನ್ನು ಮೇಲೆಳೆದು ಮುಚ್ಚುವ ಮುನ್ನ ಶಾಫ್ಟ್ ಗೊಳವೆಗೆ ಬೇಕಾದ ಎಣ್ಣೆಯನ್ನು ಕೈಪಿಡಿಯ ಅಳತೆಯಂತೆ ಹಾಕಿದ್ದೀರಾ ಎಂದು ಇನ್ನೊಮ್ಮೆ ನೋಡಿಕೊಳ್ಳಿ. ಗೇರ್‌ಬಾಕ್ಸಿಗೆ ಬೇಕಾದದ್ದು 800 ಮಿ.ಲೀ., ಹಿಂದಿನ ಡ್ರೈವಿಗೆ, ಅಂದರೆ ಚಕ್ರದ ಬಳಿಯ ಹಲ್ಲುಚಕ್ರಗಳ ಪೆಟ್ಟಿಗೆಗೆ, ಸುಮಾರು 250 ಮಿ.ಲೀ.; ಎಂಜಿನ್, ಗೇರ್‌ಬಾಕ್ಸ್, ಶಾಫ್ಟ್, ಡ್ರೈವ್ ನಾಲ್ಕಕ್ಕೂ ಎಣ್ಣೆ ಬೇರೆಬೇರೆ ಹಾಕಬೇಕೆಂಬುದು ಬುಲೆಟ್ ಕೈಗೆ ಹೊಸದಾಗಿರಬಹುದು.

ಪ್ರಶ್ನೆ: ನನ್ನ ಆರ್80 ಗಾಡಿಗೆ ಬದಲಿ ಎಂಜಿನ್ ಹಾಕಿಸಿ ಒಂದು ತಿಂಗಳಾಯಿತು. ಎಂಜಿನ್ ಚೆನ್ನಾಗಿ ಓಡುತ್ತದೆ. ಆದರೆ ನಿಂತಲ್ಲಿ ಮೊದಲ ಗೇರ್ ಹಾಕಿದರೆ ಕರಕರ ಸದ್ದು, ಕ್ಲಚ್ ಪೂರ್ತಿ ಒತ್ತಿದರೂ ಗಾಡಿ ಮುಂದಕ್ಕೆ ಎಳೆಯುತ್ತದೆ. ಹಳೆಯ ಎಂಜಿನ್ ಇದ್ದಾಗ ಇದು ಇರಲಿಲ್ಲ. ಗೇರ್‌ಬಾಕ್ಸ್ ಹಾಳಾಗಿದೆಯೇ?
(ಓದುಗರು, ಗಂಗಾವತಿ)

ಉತ್ತರ: ಗೇರ್‌ಬಾಕ್ಸನ್ನು ದೂಷಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಎಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿ ಹಿಡಿದು ಮನಸ್ಸಿನಲ್ಲಿ ಐದು ಎಣಿಸಿ, ಆಮೇಲೆ ಮೊದಲ ಗೇರ್ ಹಾಕಿ. ಆಗಲೂ ಕರಕರ ಎಂದರೆ ಕ್ಲಚ್ ಪ್ಲೇಟ್ ಬಿಡುತ್ತಿಲ್ಲ ಎಂದರ್ಥ. ಕೇಬಲಿನ ಅಡ್ಜಸ್ಟ್‌ಮೆಂಟ್ ಸರಿ ಮಾಡಿ ನೋಡಿ. ಅದರಿಂದಲೂ ಸರಿಹೋಗದಿದ್ದರೆ, ಗೇರ್‌ಬಾಕ್ಸ್ ಕೂಡಿಸುವಾಗ ಆದ ತಪ್ಪೇ ಕಾರಣವಿರಬೇಕು ಎಂದು ನನಗೆ ಅನಿಸುತ್ತದೆ.

ಈ ಗಾಡಿಯ ಕ್ಲಚ್ ಕಾರಿನದ್ದರಂತೆ ಒಣ ಕ್ಲಚ್, ಒಂದೇ ಪ್ಲೇಟ್. ಆ ಪ್ಲೇಟ್ ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ ಮೇಲೆ ಕೂದಲೆಳೆಯಷ್ಟು ಹಿಂದೆಮುಂದೆ ಜಾರಿದರೆ ಮಾತ್ರ ಬಿಡುತ್ತದೆ. ಸ್ಪ್ಲೈನ್ ಒಣಗಿದ್ದರೆ, ತುಕ್ಕು ಹಿಡಿದಿದ್ದರೆ ಅದು ಜಾರುವುದಿಲ್ಲ. ಮಾಲಿಬ್ಡಿನಮ್ ಹೆಚ್ಚಿರುವ ಗ್ರೀಸನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಳುವಾಗಿ ಹಚ್ಚಬೇಕು. ಹೆಚ್ಚು ಹಚ್ಚಿದರೆ ತಿರುಗುವಾಗ ಸಿಡಿದು ಪ್ಲೇಟಿಗೇ ಮೆತ್ತಿಕೊಳ್ಳುತ್ತದೆ. ಎರಡನೆಯದಾಗಿ, ಕ್ಲಚ್ ಬಿಗಿಯುವಾಗ ಪ್ಲೇಟನ್ನು ನಡುಮಧ್ಯಕ್ಕೆ ತರುವ ಸಾಧನ ಬಳಸಿದ್ದಾರೆಯೇ ಎಂದು ಕೇಳಿ. ಬಳಸದೆ ಕಣ್ಣಂದಾಜಿನಲ್ಲಿ ಬಿಗಿದಿದ್ದರೆ ಗೇರ್‌ಬಾಕ್ಸ್ ಒಳಗೆ ಹೋಗಲು ಸತಾಯಿಸಿರಬೇಕು, ಅವರು ಅದನ್ನು ಬೋಲ್ಟಿನಿಂದ ಎಳೆದು ಕೂರಿಸಿರಬೇಕು. ಅಥವಾ ಶಾಫ್ಟ್ ಪ್ಲೇಟಿನೊಳಗೆ ಅರ್ಧ ಹೋಗಿರುವಾಗ, ಬೋಲ್ಟ್ ಹುಡುಕಲು ಗೇರ್‌ಬಾಕ್ಸಿನಿಂದ ಕೈ ಬಿಟ್ಟಿರಬಹುದು. ಆ ಕೆಲವು ನಿಮಿಷ ಗೇರ್‌ಬಾಕ್ಸಿನ ಇಡೀ ಭಾರ ಆ ತೆಳು ಪ್ಲೇಟಿನ ಮೇಲೆ ತೂಗಿದರೆ ಪ್ಲೇಟ್ ಬಾಗುತ್ತದೆ, ಒಮ್ಮೆ ಬಾಗಿದರೆ ಕೇಬಲ್ ಎಷ್ಟು ಎಳೆದರೂ ಬಿಡುವುದಿಲ್ಲ.

ಇದಕ್ಕೆ ಸುಲಭ ಉಪಾಯವಿದೆ. ಗೇರ್‌ಬಾಕ್ಸಿನ ಬೋಲ್ಟುಗಳದೇ ಎಳೆಯ, ಆದರೆ ಅವಕ್ಕಿಂತ ಉದ್ದದ ಎರಡು ಬೋಲ್ಟ್ ತಂದು ತಲೆ ಕತ್ತರಿಸಿ, ತುದಿಗೆ ಸ್ಕ್ರೂಡ್ರೈವರ್ ಹಿಡಿಯುವಂತೆ ಗರಗಸದಿಂದ ಒಂದು ಗೀರು ಹಾಕಿ, ಎಂಜಿನ್ನಿನ ಎದುರುಬದುರಿನ ಎರಡು ತೂತುಗಳಿಗೆ ತಿರುಗಿಸಿ. ಗೇರ್‌ಬಾಕ್ಸ್ ಅವುಗಳ ಮೇಲೆ ಜಾರಿಕೊಂಡು ನೆಟ್ಟಗೆ ಒಳಗೆ ಹೋಗುತ್ತದೆ, ಭಾರವನ್ನು ಆ ಎರಡು ಕಡ್ಡಿಗಳೇ ಹೊರುತ್ತವೆ. ಎರಡೂ ಮುಖಗಳ ನಡುವೆ ಹಳೆಯ ಬಣ್ಣದ ಚೂರೋ ಮಣ್ಣಿನ ಹರಳೋ ಉಳಿಯದಂತೆ ಒರೆಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಕ್ಲಚ್ಚಿನ ಭಾಗಗಳ ಅಂಚಿನಲ್ಲಿ ಬಿಳಿ ಬಣ್ಣದ ಚುಕ್ಕೆಗಳಿರುತ್ತವೆ. ತೂಕ ಹೆಚ್ಚಿರುವ ಬದಿಯ ಗುರುತು ಅದು; ಮೂರೂ ಚುಕ್ಕೆಗಳು ಸುತ್ತಳತೆಯಲ್ಲಿ ಸಮದೂರದಲ್ಲಿ, ಅಂದರೆ 120 ಡಿಗ್ರಿಗೊಂದರಂತೆ ಬರಬೇಕು. ಒಂದೇ ಕಡೆ ಬಂದರೆ ಹ್ಯಾಂಡಲ್ಲಿನಲ್ಲಿ ಹೊಸ ನಡುಕ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ: ನನ್ನ ಬಳಿ ಆರ್60/7 ಇದೆ. ಆರ್100 ಎಂಜಿನ್ ಅದೇ ಫ್ರೇಮಿಗೆ ಕೂರುತ್ತದೆಂದು ಕೇಳಿದ್ದೇನೆ. ಹಾಕಿಸಿದರೆ ಹಿಂದಿನ ಡ್ರೈವನ್ನೂ ಬದಲಿಸಬೇಕೇ?
(ಓದುಗರು, ಸಿಂಧನೂರು)

ಉತ್ತರ: ಕೂರುತ್ತದೆ ಎಂಬುದು ನಿಜ; ಮೇಲೆ ಹೇಳಿದ ಸಮಾನ ಸ್ಟ್ರೋಕ್, ಸಮಾನ ಕೇಸಿನ ಕಾರಣಕ್ಕೆ. ಆದರೆ 40 ಅಶ್ವಶಕ್ತಿಯ 599 ಸಿಸಿಗೆ ಎಂದು ಕೊಟ್ಟ ಗಾಡಿಗೆ 980 ಸಿಸಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕಾನೂನಿನ ಮಾತು ಮುಂದಿನ ಉತ್ತರದಲ್ಲಿದೆ. ಶಾಫ್ಟಿನ ಮಾತು ಇಲ್ಲಿ ಹೇಳುತ್ತೇನೆ. ಚೈನ್ ಗಾಡಿಯಲ್ಲಿ ಸ್ಪ್ರಾಕೆಟ್ ಬದಲಿಸಿ ಗೇರಿಂಗ್ ಸರಿಹೊಂದಿಸಬಹುದು, ಇಲ್ಲಿ ಹಿಂದಿನ ಡ್ರೈವನ್ನೇ ಬದಲಿಸಬೇಕು. ನಿಮ್ಮದರ ಹಲ್ಲುಗಳ ಲೆಕ್ಕ 37/11, ಅಂದರೆ 3.36, ಈ ಅಂಕಿಯನ್ನು ಡ್ರೈವಿನ ಮೈಮೇಲೆ ಒತ್ತಿರುತ್ತಾರೆ. ದೊಡ್ಡ ಎಂಜಿನ್ನಿನ ಗಾಡಿಗಳಲ್ಲಿ 33/11, ಅಂದರೆ 3.00ರಂಥ ಡ್ರೈವ್ ಬರುತ್ತಿತ್ತು. ಅದರಲ್ಲಿ 4,000 ಸುತ್ತಿನಲ್ಲಿ ಸಿಗುವ ವೇಗಕ್ಕೆ ನಿಮ್ಮ ಡ್ರೈವಿನಲ್ಲಿ ಎಂಜಿನ್ 4,480 ಸುತ್ತು ಓಡಬೇಕು. ಡ್ರೈವ್ ಬದಲಿಸಿದರೆ ಆಗಬಹುದಲ್ಲ ಎನ್ನಬೇಡಿ: ಸ್ಪೀಡೋಮೀಟರ್ ಕೇಬಲ್ ಹೊರಡುವುದು ಚಕ್ರದಿಂದಲ್ಲ, ಗೇರ್‌ಬಾಕ್ಸಿನಿಂದ. ಡ್ರೈವ್ ಬದಲಾದರೆ ಮೀಟರ್ ಸುಳ್ಳು ವೇಗ ತೋರಿಸುತ್ತದೆ, ಹಾಗಾಗಿ ಅದಕ್ಕೆ ಹೊಂದುವ ಮೀಟರನ್ನೂ ಹುಡುಕಬೇಕು. ನಿಮ್ಮ 599 ಸಿಸಿ ಎಂಜಿನ್ನನ್ನೇ ಚೆನ್ನಾಗಿ ಕಟ್ಟಿಸಿ.

ಪ್ರಶ್ನೆ: ಬದಲಿ ಎಂಜಿನ್ ಹಾಕಿಸಿದರೆ ಆರ್‌ಸಿಯಲ್ಲಿ ನಂಬರ್ ತಿದ್ದಿಸಲೇಬೇಕೇ? ‘ಯಾರು ಬಗ್ಗಿ ನೋಡುತ್ತಾರೆ’ ಎಂದು ಗೆಳೆಯರು ಹೇಳುತ್ತಾರೆ.
(ಓದುಗರು, ರಾಯಚೂರು)

ಉತ್ತರ: ತಿದ್ದಿಸಲೇಬೇಕು. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿದಿದೆ. ಸಿಂಧನೂರಿನ ಓದುಗರಿಗೆ ಬೇಡ ಎಂದದ್ದಕ್ಕೆ ಇದೂ ಒಂದು ಕಾರಣ. ಅದೇ ಮಾದರಿಯ, ಅದೇ ಸಿಸಿಯ ಎಂಜಿನ್ ಹಾಕುವುದಾದರೆ, ಕೆಲಸಕ್ಕೆ ಕೈಹಾಕುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಅನುಮತಿ ಪಡೆಯಿರಿ, ಬದಲಾವಣೆಯಾದ 14 ದಿನಗಳೊಳಗೆ ವರದಿ ಮಾಡಿ ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ದಾಖಲಿಸಿಕೊಳ್ಳಿ. ಆಮೇಲೆ ವಿಮಾ ಕಂಪನಿಗೂ ಬರೆದು ತಿಳಿಸಿ. ಅಪಘಾತವಾದ ದಿನ ಬಗ್ಗಿ ನೋಡುವವರು ಇದ್ದೇ ಇರುತ್ತಾರೆ, ಮತ್ತು ಈ ಹಳೆಯ ಬಿಎಂಡಬ್ಲ್ಯೂಗಳಲ್ಲಿ ಎಂಜಿನ್ ನಂಬರ್ ಮತ್ತು ಫ್ರೇಮ್ ನಂಬರ್ ಮೂಲದಲ್ಲಿ ಒಂದೇ ಇರುತ್ತಿದ್ದುದರಿಂದ ವ್ಯತ್ಯಾಸ ತಟ್ಟನೆ ಕಣ್ಣಿಗೆ ಬೀಳುತ್ತದೆ. ಎಂಜಿನ್ ಕೊಳ್ಳುವಾಗ ಬಿಲ್ಲನ್ನೂ ಅದು ಬಂದ ಗಾಡಿಯ ಆರ್‌ಸಿ ಪ್ರತಿಯನ್ನೂ ಕೇಳಿ ಪಡೆಯಿರಿ. ನಂಬರ್ ಇರುವ ಜಾಗ ಉಜ್ಜಿದಂತೆ ಹೊಳೆಯುತ್ತಿದ್ದರೆ ಎಷ್ಟೇ ಅಗ್ಗವಾದರೂ ಕೈ ಮುಗಿದು ಬಂದುಬಿಡಿ.

ಪ್ರಶ್ನೆ: ನನ್ನ ಆರ್80ಕ್ಕೆ ಬದಲಿ ಎಂಜಿನ್ ಕೂರಿಸಿ ಮುಗಿಸಿದ್ದೇವೆ, ಇನ್ನೂ ಚಾಲೂ ಮಾಡಿಲ್ಲ. ಎಂಜಿನ್ ಎರಡು ವರ್ಷ ಗೋಡೌನಿನಲ್ಲಿತ್ತು. ಈ ಬಿಸಿಲಿನಲ್ಲಿ ಮೊದಲ ಸಲ ಚಾಲೂ ಮಾಡುವಾಗ ಯಾವ ಎಚ್ಚರ ಬೇಕು?
(ಓದುಗರು, ಕೊಪ್ಪಳ)

ಉತ್ತರ: ತಾಳ್ಮೆಯಿಂದ ಕಾದು ಕೇಳಿದ್ದಕ್ಕೆ ಸಂತೋಷವಾಯಿತು. ಎರಡು ವರ್ಷ ನಿಂತ ಎಂಜಿನ್ನಿನ ಬೇರಿಂಗುಗಳ ಮೇಲಿನ ಎಣ್ಣೆ ಪೂರ್ತಿ ಇಳಿದುಹೋಗಿರುತ್ತದೆ. ಹೊಸ ಆಯಿಲ್ ಫಿಲ್ಟರ್ ಹಾಕಿ, ಅದರ ಬಿಳಿ ಓ-ರಿಂಗಿನ ಬಗ್ಗೆ ವಿಶೇಷ ಕಾಳಜಿ ಇರಲಿ: ಫಿಲ್ಟರ್ ಡಬ್ಬಿ ಕೇಸಿನೊಳಗೆ ಎಷ್ಟು ಆಳದಲ್ಲಿದೆ ಎಂದು ಡೆಪ್ತ್ ಗೇಜಿನಿಂದ ಅಳೆದು, ಕೈಪಿಡಿಯಂತೆ ಶಿಮ್ (ಸಂದು ತುಂಬುವ ತೆಳು ಲೋಹದ ಬಳೆ) ಮತ್ತು ಗ್ಯಾಸ್ಕೆಟ್ ಲೆಕ್ಕ ಹಾಕಬೇಕು. ಈ ಮೂರು ರೂಪಾಯಿಯಂಥ ರಬ್ಬರ್ ಬಳೆ ಸರಿಯಾಗಿ ಒತ್ತಿಕೊಳ್ಳದಿದ್ದರೆ ಎಣ್ಣೆಯ ಒತ್ತಡ ಅಲ್ಲೇ ಸೋರಿಹೋಗಿ, ಬೇರಿಂಗುಗಳಿಗೆ ಎಣ್ಣೆ ಸಾಲದೆ, ನೀವು ಕಷ್ಟಪಟ್ಟು ತಂದ ಎಂಜಿನ್ನೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಎಣ್ಣೆ 20ಡಬ್ಲ್ಯೂ-50 ದರ್ಜೆಯದಾಗಿರಲಿ, ನಮ್ಮ ಸೆಕೆಗೆ ಅದಕ್ಕಿಂತ ತೆಳುವಾದದ್ದು ಬೇಡ.

ವಾಲ್ವ್ ಸಂದು ತಣ್ಣಗಿರುವಾಗ ಇನ್‌ಟೇಕಿಗೆ 0.10 ಮಿ.ಮೀ., ಎಕ್ಸಾಸ್ಟಿಗೆ 0.20 ಮಿ.ಮೀ. ಇಡಿ. ನಂತರ ಎರಡೂ ಸ್ಪಾರ್ಕ್ ಪ್ಲಗ್ ತೆಗೆದು, ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಸಿಲಿಂಡರಿನ ಲೋಹಕ್ಕೆ ತಾಗುವಂತೆ ತಂತಿಯಿಂದ ಕಟ್ಟಿ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಎಂಜಿನ್ನಿನಲ್ಲಿ ಪ್ಲಗ್ಗನ್ನು ಗಾಳಿಯಲ್ಲಿ ನೇತಾಡಲು ಬಿಟ್ಟು ಸ್ಟಾರ್ಟರ್ ಒತ್ತಿದರೆ ಮಾಡ್ಯೂಲೋ ಕಾಯಿಲೋ ಸುಡುವ ಅಪಾಯವಿದೆ. ಹೀಗೆ ಕಟ್ಟಿದ ಮೇಲೆ ಹತ್ತು ಹತ್ತು ಸೆಕೆಂಡಿನಂತೆ, ನಡುವೆ ಸ್ಟಾರ್ಟರ್ ಆರಲು ಬಿಟ್ಟು, ಎಣ್ಣೆಯ ಕೆಂಪು ದೀಪ ಆರುವವರೆಗೆ ತಿರುಗಿಸಿ. ದೀಪ ಆರದೆ ಪ್ಲಗ್ ಹಾಕಬೇಡಿ.

ಚಾಲೂ ಮಾಡುವುದನ್ನು ಬೆಳಿಗ್ಗೆ ಆರಕ್ಕೇ ಇಟ್ಟುಕೊಳ್ಳಿ. ಇದು ಗಾಳಿಯಿಂದ ತಣಿಯುವ ಎಂಜಿನ್. ಸಿಲಿಂಡರುಗಳು ಎರಡೂ ಬದಿಗೆ ಚಾಚಿಕೊಂಡಿರುವುದೇ ಓಡುವ ಗಾಳಿಗಾಗಿ. ನಿಂತಲ್ಲೇ ಹತ್ತು ನಿಮಿಷ ಓಡಿಸಿ ಕಾರ್ಬುರೇಟರ್ ಹೊಂದಿಸುತ್ತಾ ಕೂತರೆ ಅದು ಬೇಯುತ್ತದೆ. ಎರಡು ಬದಿಗೂ ಟೇಬಲ್ ಫ್ಯಾನ್ ಇಟ್ಟು, ಎರಡು ಮೂರು ನಿಮಿಷಕ್ಕೆ ಸೋರಿಕೆ ನೋಡಿಕೊಂಡು, ರಸ್ತೆಗೆ ಇಳಿಸಿಬಿಡಿ. ಕಾರ್ಬುರೇಟರ್ ಹೊಂದಿಸುವುದು ಓಡಿಸಿ ಬಿಸಿಯಾದ ಮೇಲೆ. ಮೊದಲ ಓಟಕ್ಕೆ ಹೊಸಪೇಟೆ ಕಡೆಗೆ ಹೋಗುವ 67ನೇ ರಾಷ್ಟ್ರೀಯ ಹೆದ್ದಾರಿಯೇ ಸಾಕು. ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿಯದೆ ಏರಿಳಿಸುತ್ತಾ, ದೊಡ್ಡ ಗೇರಿನಲ್ಲಿ ಎಂಜಿನ್ ಗುದ್ದಾಡದಂತೆ ಓಡಿಸಿ. ಅದಿರಿನ ಲಾರಿಗಳ ಹಿಂದೆ ಹೋಗಬೇಡಿ, ಆ ಕೆಂಪು ಧೂಳು ಏರ್ ಫಿಲ್ಟರಿನ ಅಂಚಿನಲ್ಲಿ ಸಂದು ಸಿಕ್ಕರೆ ನೇರ ಸಿಲಿಂಡರಿಗೆ ಹೋಗುತ್ತದೆ. 1981ರಿಂದೀಚಿನ ಸಿಲಿಂಡರುಗಳ ಒಳಮೈಗೆ ಗಟ್ಟಿಯಾದ ನಿಕಲ್ ಲೇಪನ ಇರುತ್ತದೆ, ಸವೆದರೆ ಹಳೆಯ ಕಬ್ಬಿಣದ ಸಿಲಿಂಡರಿನಂತೆ ಬೋರ್ ಹೊಡೆಸಿ ಉಳಿಸಿಕೊಳ್ಳಲಾಗದು.

1,000 ಕಿ.ಮೀ. ಆದ ಮೇಲೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ಸಿಲಿಂಡರ್ ಹೆಡ್ಡಿನ ನಟ್ಟುಗಳನ್ನು 35 ನ್ಯೂಟನ್ ಮೀಟರಿಗೆ ಮತ್ತೆ ಬಿಗಿದು ವಾಲ್ವ್ ಸಂದು ನೋಡಿ. 1980ರ ದಶಕದ ಮೊದಲ ವರ್ಷಗಳ ಎಂಜಿನ್ನುಗಳಲ್ಲಿ ಸೀಸವಿಲ್ಲದ ಪೆಟ್ರೋಲಿಗೆ ಎಕ್ಸಾಸ್ಟ್ ವಾಲ್ವಿನ ಸೀಟ್ ಬೇಗ ಸವೆದು ಸಂದು ಮುಚ್ಚಿಕೊಳ್ಳುತ್ತದೆ, ಆದ್ದರಿಂದ ಆ ಬದಿಯದನ್ನು ಎರಡು ಸಲ ಅಳೆಯಿರಿ. ಅದೇ ದಿನ ಗೇರ್‌ಬಾಕ್ಸಿನ ಹಿಂದಿನ ರಬ್ಬರ್ ಬೂಟನ್ನು ಮಡಚಿ, ಶಾಫ್ಟಿನ ನಾಲ್ಕು ಬೋಲ್ಟುಗಳ ಮೇಲೆ ಟಾರ್ಕ್ ರೆಂಚ್ ಇಟ್ಟು ನೋಡಿ. ಒಂದಾದರೂ ಅಲುಗಿದರೆ ಅದನ್ನಷ್ಟೇ ಮತ್ತೆ ಬಿಗಿದು ಮುಚ್ಚಬೇಡಿ. ನಾಲ್ಕನ್ನೂ ತೆಗೆದು, ಹೊಸದನ್ನು ಹಾಕಿ, ಎಳೆ ಒರೆಸಿ, ಮೊದಲಿನಿಂದ ಬಿಗಿಯಿರಿ.